ಒಳಹರಿವು, ಹೊರಹರಿವು: ವಿಶ್ವೇಶ್ವರಯ್ಯನವರಿಂದ ಒಂದು ಪಾಠ

ಮಕ್ಕಳೇ, ಮಳೆಗಾಲದಲ್ಲಿ ದಿನಪತ್ರಿಕೆ ತೆರೆದರೆ ಒಂದು ಪುಟ್ಟ ಪಟ್ಟಿ ಕಾಣುತ್ತದೆ. ಕೆ.ಆರ್.ಎಸ್., ಕಬಿನಿ ಮುಂತಾದ ಜಲಾಶಯಗಳ ಇಂದಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಅದರಲ್ಲಿ ಬರೆದಿರುತ್ತಾರೆ. ಉಮ್ಮತ್ತೂರಿನಲ್ಲಿ ನಿಮ್ಮ ತಾತನೋ ಮಾವನೋ ಆ ಪಟ್ಟಿಯನ್ನು ನೋಡುವುದನ್ನು ನೀವು ಕಂಡಿರಬಹುದು. ಅದರ ಲೆಕ್ಕ ಬಹಳ ಸುಲಭ. ಬರುವ ನೀರು ಹೋಗುವ ನೀರಿಗಿಂತ ಹೆಚ್ಚಾದರೆ ಮಟ್ಟ ಏರುತ್ತದೆ. ಕಡಿಮೆಯಾದರೆ ಇಳಿಯುತ್ತದೆ. ಎರಡೂ ಸಮವಾಗಿದ್ದರೆ ಇದ್ದಲ್ಲೇ ನಿಲ್ಲುತ್ತದೆ.

ನಮ್ಮ ದೇಹದ ತೂಕದ ಲೆಕ್ಕವೂ ಹೆಚ್ಚು ಕಡಿಮೆ ಹೀಗೆಯೇ ಇದೆ! ಅದು ಹೇಗೆ ಎಂದು ತಿಳಿಯಲು ಕೆ.ಆರ್.ಎಸ್. ಅಣೆಕಟ್ಟಿನೊಂದಿಗೆ ಹೆಸರು ಬೆಸೆದುಕೊಂಡಿರುವ ಒಬ್ಬ ಮಹನೀಯರ ಬದುಕನ್ನು ಇಂದು ನೋಡೋಣ. ಅದಕ್ಕೂ ಮೊದಲು ಒಂದು ಚಿಕ್ಕ ಸಂಗತಿ ಹೇಳುತ್ತೇನೆ.

ಒಮ್ಮೆ ನಾನು ಒಂದು ಶಾಲೆಗೆ ಹೋಗಿದ್ದೆ. ಬಿಸಿಯೂಟದ ಹೊತ್ತು. ಏಳನೇ ತರಗತಿಯ ಹುಡುಗಿಯೊಬ್ಬಳು ತಟ್ಟೆ ಹಿಡಿಯದೆ ಮೂಲೆಯಲ್ಲಿ ಕುಳಿತಿದ್ದಳು. ವಿಚಾರಿಸಿದೆ. ಜೊತೆಯವರು ದಪ್ಪ ಎಂದು ಆಡಿಕೊಂಡರಂತೆ. ಅಂದಿನಿಂದ ಅವಳು ಮಧ್ಯಾಹ್ನದ ಊಟ ಬಿಟ್ಟಿದ್ದಳು. ಸಂಜೆ ಹಸಿವು ತಡೆಯಲಾರದೆ ಅಂಗಡಿಯಿಂದ ಎರಡು ಚಿಪ್ಸ್ ಪೊಟ್ಟಣ ಕೊಂಡು ತಿನ್ನುತ್ತಿದ್ದಳು. ಸುಸ್ತಾಗುತ್ತದೆ ಎಂದು ಖೋ ಖೋ ಆಡುವುದನ್ನೂ ನಿಲ್ಲಿಸಿದ್ದಳು. ಅವಳ ಲೆಕ್ಕ ಎಲ್ಲಿ ತಪ್ಪಿತು? ಯೋಚಿಸುತ್ತಾ ಇರಿ. ಕೊನೆಯಲ್ಲಿ ಉತ್ತರ ಹುಡುಕೋಣ.

ಮುದ್ದೇನಹಳ್ಳಿಯ ಹುಡುಗ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ನಂದಿ ಬೆಟ್ಟ ಅಲ್ಲಿಗೆ ಹತ್ತಿರ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಯಲ್ಲಿ ಬಡತನ. ಓದಿಗಾಗಿ ಬೆಂಗಳೂರಿನ ಸೋದರಮಾವನ ಆಸರೆಗೆ ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಖರ್ಚಿಗೆ ಹಣ ಸಾಲದು. ಹಾಗಾಗಿ ಅನುಕೂಲಸ್ಥರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಅಲ್ಲೇ ಉಳಿದುಕೊಂಡರು. ಊಟಕ್ಕೆ ಮಾತ್ರ ಮಾವನ ಮನೆಗೆ ಹೋಗಿ ಬರುತ್ತಿದ್ದರು. ಸೈಕಲ್ ಇಲ್ಲ, ಬಸ್ಸು ಇಲ್ಲ. ನಡಿಗೆಯೇ ಗತಿ! ಬಡತನ ಕಲಿಸಿದ ಈ ನಡಿಗೆ ಮುಂದೆ ಅವರ ಬದುಕಿನ ಅಭ್ಯಾಸವಾಯಿತು.

1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು.

ನೀರಿನ ಲೆಕ್ಕ ಹಿಡಿದವರು

ಆ ಕಾಲದಲ್ಲಿ ಕಾಲುವೆಯ ಪಕ್ಕದ ಕೆಲವು ರೈತರು ತಮ್ಮ ಗದ್ದೆಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಯಿಸುತ್ತಿದ್ದರು. ಹೆಚ್ಚು ನೀರು ಕೊಟ್ಟರೆ ಹೆಚ್ಚು ಬೆಳೆ ಎಂಬ ನಂಬಿಕೆ. ಆದರೆ ನೆಲ ಜೌಗಾಗಿ ಕೆಡುತ್ತಿತ್ತು. ದೂರದ ಹೊಲಗಳಿಗೆ ನೀರೇ ಸಿಗುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು 1899ರ ಹೊತ್ತಿಗೆ ಬ್ಲಾಕ್ ಪದ್ಧತಿ ಎಂಬ ಹೊಸ ಏರ್ಪಾಡು ಸೂಚಿಸಿದರು. ನೀರನ್ನು ಅಳತೆಯಂತೆ, ಸರದಿಯಂತೆ ಹಂಚುವುದು ಅದರ ತಿರುಳು. ಬೆಳೆಗೆ ಬೇಕಾದಷ್ಟು, ಬೇಕಾದ ಹೊತ್ತಿಗೆ, ಅಷ್ಟೇ!

1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನಿಮ್ಮೂರಿನ ಕೆರೆಯ ಕೋಡಿಯನ್ನು ನೆನಪಿಸಿಕೊಳ್ಳಿ. ಕೆರೆ ತುಂಬಿದರೆ ನೀರು ಕೋಡಿಯ ಮೇಲೆ ಹರಿದು ಹೋಗುತ್ತದೆ. ವಿಶ್ವೇಶ್ವರಯ್ಯನವರ ಬಾಗಿಲುಗಳು ಕೋಡಿಯ ಮಟ್ಟಕ್ಕಿಂತ ಮೇಲೂ ನೀರನ್ನು ತಡೆದು ನಿಲ್ಲಿಸುತ್ತಿದ್ದವು. ನೀರು ಗೊತ್ತಾದ ಮಟ್ಟ ಮೀರಿದರೆ ಯಾರೂ ಮುಟ್ಟದೆ ತಾವೇ ತೆರೆದುಕೊಳ್ಳುತ್ತಿದ್ದವು. ನೀರು ಇಳಿದರೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ಅಣೆಕಟ್ಟನ್ನು ಎತ್ತರಿಸದೆ ಹೆಚ್ಚು ನೀರು ಹಿಡಿಯುವ ಉಪಾಯವಿದು.

1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ನಲುಗಿತು. ಪ್ರವಾಹ ತಡೆಯುವ ಯೋಜನೆಗೆ ಇವರನ್ನು ಕರೆಸಿಕೊಂಡರು. 1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾಯಿತು. ಅದೇ ಇಂದಿನ ಕೃಷ್ಣರಾಜಸಾಗರ. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳೂ ಆಗ ಅದೇ ಸಂಸ್ಥಾನದಲ್ಲಿದ್ದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದದ್ದೂ ಅವರ ಕಾಲದಲ್ಲೇ.

ತನ್ನ ದೇಹದ ಲೆಕ್ಕ

ನೀರು, ಹಣ, ಸಮಯ ಎಲ್ಲದಕ್ಕೂ ಲೆಕ್ಕ ಇಟ್ಟ ಈ ಮನುಷ್ಯ ಊಟದಲ್ಲಿ ಹೇಗಿದ್ದರು? ಇಲ್ಲೂ ಹಾಗೆಯೇ! ಹೊತ್ತಿಗೆ ಸರಿಯಾಗಿ ಊಟ. ಅದೂ ಮಿತವಾಗಿ. ಜೊತೆಗೆ ದಿನವೂ ನಡಿಗೆ. ದಿವಾನರಾದ ಮೇಲೆ ಹತ್ತಾರು ಆಳುಕಾಳುಗಳಿದ್ದರೂ ಈ ಶಿಸ್ತು ತಪ್ಪಲಿಲ್ಲ. ಮುಪ್ಪಿನಲ್ಲೂ ತಪ್ಪಲಿಲ್ಲ. ಅವರು ಯಾವ ಅಖಾಡಕ್ಕೂ ಇಳಿದು ಸಾಮು ಮಾಡಿದವರಲ್ಲ, ಉಪವಾಸ ಬಿದ್ದು ದೇಹ ದಂಡಿಸಿದವರೂ ಅಲ್ಲ. ಸ್ವಲ್ಪ ಸ್ವಲ್ಪವೇ, ಆದರೆ ತಪ್ಪದೆ ಪ್ರತಿದಿನ ಮಾಡಿದರು.

ಇದರ ಹಿಂದಿನ ವಿಜ್ಞಾನವೇನು? ನಾವು ತಿನ್ನುವ ಆಹಾರದಲ್ಲಿ ಶಕ್ತಿ ಇದೆ. ಅದನ್ನು ಕ್ಯಾಲೊರಿಯಲ್ಲಿ ಅಳೆಯುತ್ತಾರೆ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖವೇ ಒಂದು ಕಿಲೋಕ್ಯಾಲೊರಿ. ಆಹಾರದ ಮಾತು ಬಂದಾಗ ಇದನ್ನೇ ಸುಮ್ಮನೆ ಕ್ಯಾಲೊರಿ ಎನ್ನುವುದು ರೂಢಿ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ ಸುಮಾರು 4 ಕ್ಯಾಲೊರಿ, ಒಂದು ಗ್ರಾಂ ಪ್ರೋಟೀನಿನಲ್ಲಿ 4, ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ. ಇದು ನಮ್ಮ ಒಳಹರಿವು.

ಇನ್ನು ಹೊರಹರಿವು. ನೀವು ನಿದ್ದೆ ಮಾಡುವಾಗಲೂ ಹೃದಯ ಬಡಿಯುತ್ತದೆ, ಉಸಿರಾಟ ನಡೆಯುತ್ತದೆ, ಮಿದುಳು ಕೆಲಸ ಮಾಡುತ್ತದೆ. ಇದಕ್ಕೆಲ್ಲ ಶಕ್ತಿ ಬೇಕು. ಹೆಚ್ಚಿನವರಲ್ಲಿ ದಿನದ ಖರ್ಚಿನ ಅರ್ಧಕ್ಕಿಂತ ಹೆಚ್ಚು ಪಾಲು ಇದಕ್ಕೇ ಹೋಗುತ್ತದೆ. ತಿಂದದ್ದನ್ನು ಅರಗಿಸಲು ಸ್ವಲ್ಪ ಬೇಕು. ಉಳಿದದ್ದು ನಡಿಗೆ, ಆಟ, ಹೊಲದ ಕೆಲಸಕ್ಕೆ. ಮಕ್ಕಳಾದ ನಿಮಗೆ ಬೆಳೆಯಲೂ ಶಕ್ತಿ ಬೇಕು. ಖರ್ಚಾಗದೆ ಉಳಿದ ಶಕ್ತಿಯನ್ನು ದೇಹ ಮುಖ್ಯವಾಗಿ ಕೊಬ್ಬಾಗಿ ಕೂಡಿಡುತ್ತದೆ. ಒಂದು ಕಿಲೋ ದೇಹದ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿಯ ಉಳಿತಾಯ!

ಒಂದು ಲೆಕ್ಕ ಮಾಡೋಣ

60 ಕಿಲೋ ತೂಕದ ದೊಡ್ಡವರು ಒಂದು ಗಂಟೆ ಚುರುಕಾಗಿ ನಡೆದರೆ ಸುಮಾರು 200ರಿಂದ 250 ಕ್ಯಾಲೊರಿ ಖರ್ಚಾಗುತ್ತದೆ. ಸರಿ, 25 ಗ್ರಾಂ ಅಡುಗೆ ಎಣ್ಣೆಯಲ್ಲಿ ಎಷ್ಟಿದೆ? 25ನ್ನು 9ರಿಂದ ಗುಣಿಸಿ. 225 ಕ್ಯಾಲೊರಿ! ಒಂದು ಗಂಟೆ ನಡೆದು ಖರ್ಚು ಮಾಡಿದ್ದು, ಕರಿದ ತಿಂಡಿಯಲ್ಲಿ ಅಡಗಿದ ಎಣ್ಣೆಯ ಮೂಲಕ ಐದೇ ನಿಮಿಷದಲ್ಲಿ ಮರಳಿ ಬಂದುಬಿಡುತ್ತದೆ. ಹಾಗಾಗಿ ವ್ಯಾಯಾಮ ಒಂದನ್ನೇ ನಂಬಿ ಕುಳಿತರೆ ತೂಕ ಇಳಿಯುವುದು ಕಷ್ಟ.

ಹಾಗಾದರೆ ಊಟ ಬಿಟ್ಟುಬಿಡೋಣವೇ? ಅದೂ ತಪ್ಪು. ದೇಹ ಬರೀ ಮಣ್ಣಿನ ಏರಿಯ ಕೆರೆಯಲ್ಲ, ಅದಕ್ಕೆ ಜೀವವಿದೆ. ಒಳಹರಿವು ತೀರಾ ಕಡಿಮೆಯಾದರೆ ಅದು ತಾನೇ ಹೊರಹರಿವನ್ನೂ ಕಡಿಮೆ ಮಾಡುತ್ತದೆ. ಸುಸ್ತು ಬರುತ್ತದೆ, ಓಡಾಟ ತಗ್ಗುತ್ತದೆ. ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಸ್ನಾಯು ಕರಗಿದರೆ ನಷ್ಟ ನಮಗೇ.

ತೂಕ ಹೆಚ್ಚಾಗಿರುವ ದೊಡ್ಡವರು ಎರಡನ್ನೂ ಸ್ವಲ್ಪ ಸ್ವಲ್ಪ ಬದಲಿಸಿದರೆ? ಊಟ ತಿಂಡಿಯಲ್ಲಿ ದಿನಕ್ಕೆ 250 ಕ್ಯಾಲೊರಿ ಕಡಿಮೆ, ನಡಿಗೆಯಿಂದ 250 ಹೆಚ್ಚು ಖರ್ಚು. ಒಟ್ಟು 500. ವಾರಕ್ಕೆ 3,500. ಅಂದರೆ ವಾರಕ್ಕೆ ಅರ್ಧ ಕಿಲೋಗಿಂತ ಕೊಂಚ ಕಡಿಮೆ ಇಳಿಯಬೇಕು. ದೇಹ ಹೊಂದಿಕೊಳ್ಳುತ್ತಾ ಹೋಗುವುದರಿಂದ ದಿನ ಕಳೆದಂತೆ ಇಳಿಕೆ ನಿಧಾನವಾಗುತ್ತದೆ. ನಿಧಾನವಾದರೂ ಇದು ಕ್ಷೇಮವಾದ ದಾರಿ.

ನಮ್ಮ ದೇಹದಲ್ಲೂ ಒಂದು ಸ್ವಯಂಚಾಲಿತ ಬಾಗಿಲು ಇದೆ ಗೊತ್ತೇ? ಅದೇ ಹಸಿವು ಮತ್ತು ಹೊಟ್ಟೆ ತುಂಬಿತು ಎನ್ನುವ ತೃಪ್ತಿ. ಆದರೆ ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ತಲುಪಲು ಸ್ವಲ್ಪ ಹೊತ್ತು ಬೇಕು. ಗಬಗಬನೆ ತಿಂದರೆ ಸುದ್ದಿ ತಲುಪುವ ಮೊದಲೇ ಹೆಚ್ಚಾಗಿ ತಿಂದಿರುತ್ತೇವೆ! ಟಿ.ವಿ., ಮೊಬೈಲ್ ನೋಡುತ್ತಾ ತಿಂದರೂ ಹೀಗೆಯೇ ಆಗುತ್ತದೆ. ನಿಧಾನವಾಗಿ, ಅಗಿದು ತಿನ್ನಿ ಎಂದು ಹಿರಿಯರು ಹೇಳುವುದು ಇದಕ್ಕೇ.

ನೂರು ದಾಟಿದ ಬದುಕು

ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ಸುಮ್ಮನೆ ಕೂರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಲು ದುಡಿದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಹೇಗಿರಬೇಕು ಎಂಬ ಬಗ್ಗೆ ಪುಸ್ತಕ ಪ್ರಕಟಿಸಿದರು. ತೊಂಬತ್ತರ ಆಸುಪಾಸಿನಲ್ಲಿ ತಮ್ಮ ವೃತ್ತಿ ಬದುಕಿನ ನೆನಪುಗಳನ್ನು ಬರೆದರು. ಬಿಹಾರದ ಮೊಕಾಮಾದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಎಂಬ ವಿಷಯದಲ್ಲೂ ಆ ವಯಸ್ಸಿನಲ್ಲೇ ಸಲಹೆ ನೀಡಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂತು. ನೂರು ವರ್ಷ ದಾಟಿ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ನ್ನು ನಾವು ಎಂಜಿನಿಯರುಗಳ ದಿನವೆಂದು ಆಚರಿಸುತ್ತೇವೆ.

ಇಲ್ಲಿ ಒಂದು ಎಚ್ಚರಿಕೆ. ಮಿತವಾಗಿ ಉಂಡು ನಡೆದದ್ದರಿಂದಲೇ ಅವರು ನೂರು ವರ್ಷ ಬದುಕಿದರು ಎಂದು ನಾವು ಸಾಧಿಸಲಾರೆವು. ಒಬ್ಬರ ಉದಾಹರಣೆ ವಿಜ್ಞಾನದಲ್ಲಿ ಪುರಾವೆಯಲ್ಲ. ತಂದೆ ತಾಯಿಯರಿಂದ ಬಂದ ಗುಣ, ಕಾಯಿಲೆ, ಅದೃಷ್ಟ ಎಲ್ಲವೂ ಸೇರುತ್ತವೆ. ಆದರೆ ಸಾವಿರಾರು ಜನರನ್ನು ಗಮನಿಸಿದ ಅಧ್ಯಯನಗಳು ಹಿತಮಿತ ಆಹಾರ ಮತ್ತು ನಿತ್ಯದ ಓಡಾಟದಿಂದ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾಗುತ್ತದೆ ಎಂದು ತೋರಿಸಿವೆ.

ಆ ಹುಡುಗಿಯ ಲೆಕ್ಕ

ಈಗ ನಮ್ಮ ಹುಡುಗಿಯ ಬಳಿಗೆ ಬರೋಣ. 6ರಿಂದ 8ನೇ ತರಗತಿಯ ಮಕ್ಕಳ ಬಿಸಿಯೂಟದಲ್ಲಿ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಇರಬೇಕೆಂಬ ನಿಯಮವಿದೆ. ಅವಳು ಬಿಟ್ಟದ್ದು ಇದನ್ನು. ಬದಲಿಗೆ ತಿಂದದ್ದು 20 ಗ್ರಾಮಿನ ಎರಡು ಚಿಪ್ಸ್ ಪೊಟ್ಟಣ. ಅದರಲ್ಲಿ 200 ಕ್ಯಾಲೊರಿಗೂ ಹೆಚ್ಚು ಶಕ್ತಿ ಇದೆ, ಆದರೆ ಪ್ರೋಟೀನ್ ಮೂರು ಗ್ರಾಂ ಕೂಡ ಇರದು. ಒಳಹರಿವು ಕಡಿಮೆಯಾಯಿತು ನಿಜ. ಆದರೆ ಹೋದದ್ದು ಅವಳ ಮೂಳೆ, ಸ್ನಾಯು, ರಕ್ತಕ್ಕೆ ಬೇಕಾದ ಸಾಮಗ್ರಿ. ಬಂದದ್ದು ಎಣ್ಣೆ, ಉಪ್ಪು. ಆಟ ಬಿಟ್ಟದ್ದರಿಂದ ಹೊರಹರಿವೂ ತಗ್ಗಿತು. ಅಂದರೆ ಎರಡೂ ಕಡೆ ತಪ್ಪಾಯಿತು!

ಅವಳ ವಯಸ್ಸಿನವರಿಗೆ ದಿನಕ್ಕೆ 2,000 ಕ್ಯಾಲೊರಿಗೂ ಹೆಚ್ಚು ಬೇಕು. ಬೆಳೆಯುವ ಮಕ್ಕಳು ಊಟ ಬಿಟ್ಟು ತೂಕ ಇಳಿಸಲು ಹೋಗಲೇಬಾರದು. ತೂಕದ ಬಗ್ಗೆ ಸಂಶಯ ಬಂದರೆ ಕನ್ನಡಿಯನ್ನಾಗಲಿ ಜೊತೆಯವರನ್ನಾಗಲಿ ಕೇಳಬೇಡಿ. ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ. ಅವರು ಎತ್ತರ, ವಯಸ್ಸು ನೋಡಿ ಹೇಳುತ್ತಾರೆ. ಇನ್ನೊಬ್ಬರನ್ನು ದಪ್ಪ, ಸಣಕಲ ಎಂದು ಆಡಿಕೊಳ್ಳುವುದನ್ನೂ ಬಿಡಿ. ಒಂದು ಮಾತಿಗೆ ಒಬ್ಬಳು ಊಟ ಬಿಟ್ಟಳು ನೋಡಿ.

ಅಂದು ಅವಳ ಜೊತೆ ಕುಳಿತು ನಾನೂ ಊಟ ಮಾಡಿದೆ. ಈ ಲೆಕ್ಕವನ್ನೆಲ್ಲ ಅವಳ ನೋಟ್ ಪುಸ್ತಕದಲ್ಲೇ ಬರೆದೆವು. ಚಿಪ್ಸ್ ಬದಲು ಕಡಲೆಕಾಯಿಯೋ ಬಾಳೆಹಣ್ಣೋ ಸಾಕು, ಮತ್ತೆ ಖೋ ಖೋ ಆಡುತ್ತೇನೆ ಎಂದು ಅವಳೇ ತೀರ್ಮಾನಿಸಿದಳು.

ನೀವೂ ಮಾಡಿ ನೋಡಿ

ನೋಟ್ ಪುಸ್ತಕದ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಒಳಹರಿವು, ಬಲಕ್ಕೆ ಹೊರಹರಿವು ಎಂದು ಬರೆಯಿರಿ. ಒಂದು ವಾರ ನೀವು ತಿಂದದ್ದನ್ನು ಎಡಕ್ಕೆ, ನಡೆದದ್ದು, ಆಡಿದ್ದು, ಮನೆಕೆಲಸ ಮಾಡಿದ್ದನ್ನು ಬಲಕ್ಕೆ ಗುರುತು ಹಾಕಿ. ರಾಗಿಮುದ್ದೆ, ಸೊಪ್ಪುಸಾರು, ಹುರುಳಿ, ಅವರೆಕಾಳು ಎಷ್ಟು ಸಲ ಬಂತು? ಪೊಟ್ಟಣದ ತಿಂಡಿ ಎಷ್ಟು ಸಲ? ನಿಮ್ಮ ವಯಸ್ಸಿನವರು ದಿನಕ್ಕೆ ಕನಿಷ್ಠ 60 ನಿಮಿಷ ಮೈ ಬೆವರುವಂತೆ ಓಡಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮದು ಎಷ್ಟಾಯಿತು? ವಾರದ ಕೊನೆಗೆ ನಿಮ್ಮ ವಿಜ್ಞಾನ ಶಿಕ್ಷಕರಿಗೆ ಆ ಹಾಳೆಯನ್ನು ತೋರಿಸಿ.