ಬಿಸಿಲುಕೋಲಿನ ಛಾಯಾಗ್ರಾಹಕ ವಿ. ಕೆ. ಮೂರ್ತಿ



ಈ ಸಲದ ವ್ಯಕ್ತಿ ಪರಿಚಯಕ್ಕೆ ಛಾಯಾಗ್ರಾಹಕ ವಿ. ಕೆ. ಮೂರ್ತಿ ಅವರನ್ನು ಆರಿಸಿಕೊಂಡಿದ್ದೇವೆ. ಪೆದ್ದೆಮುಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಕಡೆಯವರಾದ ನಮಗೆ ಹಿಂದಿ ಸಿನಿಮಾ ಹೊಸದೇನಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಟಾಕೀಸಿನಲ್ಲಿ ಹಿಂದಿ ಎಂದು ಬೆಳೆದವರು ನಾವು. ಗುರುದತ್ ಚಿತ್ರಗಳ ಹಾಡುಗಳನ್ನು ಇಂದಿಗೂ ಗುನುಗುವ ಹಿರಿಯರು ನಮ್ಮಲ್ಲಿದ್ದಾರೆ. ಆ ಚಿತ್ರಗಳ ಕ್ಯಾಮೆರಾ ಹಿಂದೆ ನಿಂತವರು ಮೈಸೂರಿನ ಕನ್ನಡಿಗರು ಎಂಬುದು ಮಾತ್ರ ಬಹಳ ಮಂದಿಗೆ ತಿಳಿಯದು. ಕಚೇರಿಯಲ್ಲಿ ಕಡತ ಬರೆಯುವವನು ಒಬ್ಬ, ಸಹಿ ಹಾಕುವವನು ಇನ್ನೊಬ್ಬ. ಊರಿಗೆ ನೆನಪಿರುವುದು ಸಹಿ ಹಾಕಿದವರ ಹೆಸರು. ಗುಮಾಸ್ತನಾಗಿದ್ದ ನನಗೆ ಇದು ಚೆನ್ನಾಗಿ ಗೊತ್ತು. ಸಿನಿಮಾದಲ್ಲೂ ಹಾಗೆಯೇ.

ವೆಂಕಟರಾಮ ಪಂಡಿತ ಕೃಷ್ಣಮೂರ್ತಿ ಹುಟ್ಟಿದ್ದು 1923ರ ನವೆಂಬರ್ 26ರಂದು, ಮೈಸೂರಿನಲ್ಲಿ. ಹುಡುಗನಿದ್ದಾಗಲೇ ಪಿಟೀಲು ಕಲಿತರು. ಸ್ವಾತಂತ್ರ್ಯ ಚಳವಳಿಗೆ ಇಳಿದು ಸೆರೆಮನೆಯನ್ನೂ ಕಂಡರು. ಆಮೇಲೆ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಸೇರಿ, 1946ರಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದರು. ಸಿನಿಮಾ ಎಂದರೆ ಮನೆಬಿಟ್ಟು ಓಡಿಹೋದವರ ಕಸುಬು ಎಂದು ಜನ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಅದನ್ನು ತರಗತಿಯಲ್ಲಿ ಕೂತು ಕಲಿತವರು ಅವರು.

ಡಿಪ್ಲೊಮಾ ಹಿಡಿದು ಮುಂಬೈಗೆ ಹೋದರೂ ಹೋದ ತಕ್ಷಣ ಕ್ಯಾಮೆರಾ ಕೈಗೆ ಸಿಗಲಿಲ್ಲ. ಫಾಲಿ ಮಿಸ್ತ್ರಿ ಅವರಂಥ ಹೆಸರಾಂತ ಛಾಯಾಗ್ರಾಹಕರ ಕೈಕೆಳಗೆ ಸಹಾಯಕರಾಗಿ ದುಡಿದರು. ಮಿಸ್ತ್ರಿಯವರನ್ನು ಕೊನೆಯವರೆಗೂ ಗುರು ಎಂದೇ ಭಾವಿಸಿದ್ದರು. 1951ರಲ್ಲಿ ‘ಬಾಜಿ’ ತಯಾರಾಗುವಾಗ ಅವರು ಛಾಯಾಗ್ರಾಹಕ ವಿ. ರಾತ್ರಾ ಅವರ ಸಹಾಯಕರು. ಆ ಚಿತ್ರದ ನಿರ್ದೇಶಕ ಗುರುದತ್‌ಗೆ ಅದು ಮೊದಲ ನಿರ್ದೇಶನ. ಒಂದು ಹಾಡಿನ ಚಿತ್ರೀಕರಣದಲ್ಲಿ ಕ್ಯಾಮೆರಾ ಚಲಿಸುತ್ತಲೇ ಕನ್ನಡಿಯ ಪ್ರತಿಬಿಂಬವನ್ನೂ ಹಿಡಿಯುವ ಕಷ್ಟದ ಶಾಟ್ ಬೇಕಾಗಿತ್ತು. ಸಹಾಯಕ ಮೂರ್ತಿ ಅದನ್ನು ತಾವೇ ಮಾಡುವುದಾಗಿ ಮುಂದೆ ಬಂದು ಮಾಡಿ ತೋರಿಸಿದರು. ಗುರುದತ್ ಅಂದೇ ಅವರನ್ನು ಗುರುತಿಟ್ಟುಕೊಂಡರು. ಮರುವರ್ಷದ ‘ಜಾಲ್’ ಚಿತ್ರದಿಂದ ಮೂರ್ತಿ ಸ್ವತಂತ್ರ ಛಾಯಾಗ್ರಾಹಕರಾದರು. ಗುರುದತ್ ಕೂಡ ಹುಟ್ಟಿದ್ದು ಬೆಂಗಳೂರಿನಲ್ಲೇ, ಪಡುಕೋಣೆ ಮನೆತನದವರು. ನಮ್ಮ ನಾಡಿನಲ್ಲಿ ಹುಟ್ಟಿದ ಇಬ್ಬರಿಗೆ ಮುಂಬೈಯಲ್ಲಿ ಗಂಟು ಬಿದ್ದಿತು.

‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’, ‘ಸಿ.ಐ.ಡಿ.’ ಸಾಲಾಗಿ ಬಂದವು. 1957ರ ‘ಪ್ಯಾಸಾ’ದಲ್ಲಿ, ಸತ್ತನೆಂದು ಎಲ್ಲರೂ ನಂಬಿದ ಕವಿ ತನ್ನದೇ ಸ್ಮರಣೆಯ ಸಭೆಗೆ ಬಂದು ಬಾಗಿಲಲ್ಲಿ ಕೈಚಾಚಿ ನಿಲ್ಲುತ್ತಾನೆ. ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ, ಮುಖ ಕತ್ತಲಲ್ಲಿ ಇರುತ್ತದೆ. ನಾಯಕನ ಮುಖಕ್ಕೆ ಬೆಳಕು ಸುರಿಯುವುದೇ ರೂಢಿಯಾಗಿದ್ದ ಕಾಲದಲ್ಲಿ ಮುಖವನ್ನೇ ಕತ್ತಲಿಗೆ ಬಿಡಲು ಧೈರ್ಯ ಬೇಕು.

ಇನ್ನು 1959ರ ‘ಕಾಗಜ್ ಕೆ ಫೂಲ್’ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸಿನಿಮಾಸ್ಕೋಪ್ ಎಂದರೆ, ಅಗಲವಾದ ದೃಶ್ಯವನ್ನು ವಿಶೇಷ ಲೆನ್ಸಿನಿಂದ ಅಡ್ಡಲಾಗಿ ಕುಗ್ಗಿಸಿ ಮಾಮೂಲಿ 35 ಮಿ.ಮೀ. ಫಿಲ್ಮಿನಲ್ಲಿ ಹಿಡಿಯುವುದು, ಟಾಕೀಸಿನಲ್ಲಿ ಮತ್ತೊಂದು ಲೆನ್ಸಿನಿಂದ ಅದನ್ನು ಪರದೆಯ ಮೇಲೆ ಹಿಗ್ಗಿಸುವುದು. ಪರದೆ ಅಗಲವಾದಷ್ಟೂ ಖಾಲಿ ಜಾಗ ಜಾಸ್ತಿ, ಆ ಖಾಲಿ ಜಾಗಕ್ಕೆ ಏನು ತುಂಬುವುದು ಎಂಬುದೇ ಛಾಯಾಗ್ರಾಹಕನಿಗೆ ತಲೆನೋವು. ಮೂರ್ತಿ ಅಲ್ಲಿ ಕತ್ತಲನ್ನು ತುಂಬಿದರು.

ಖಾಲಿ ಸ್ಟುಡಿಯೋದಲ್ಲಿ ನಿರ್ದೇಶಕ ಮತ್ತು ನಟಿ ದೂರದೂರ ನಿಂತಿರುವ ಹಾಡೊಂದು ಅದರಲ್ಲಿದೆ. ಹಾಡಿದವರು ಗೀತಾ ದತ್, ಸಂಗೀತ ಎಸ್. ಡಿ. ಬರ್ಮನ್, ಪರದೆಯ ಮೇಲೆ ಗುರುದತ್ ಮತ್ತು ವಹೀದಾ ರೆಹಮಾನ್. ಮೇಲಿನಿಂದ ದಪ್ಪನೆಯ ಬೆಳಕಿನ ಕಂಬವೊಂದು ಓರೆಯಾಗಿ ನೆಲಕ್ಕೆ ಇಳಿಯುತ್ತದೆ. ಸ್ಟುಡಿಯೋ ದೀಪಗಳಿಂದ ಅಂಥ ಬೆಳಕು ಬರುವುದಿಲ್ಲ, ದೀಪದ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ. ಸೂರ್ಯನದಾದರೆ ಕೋಲಿನಂತೆ ನೆಟ್ಟಗಿರುತ್ತದೆ. ಮೂರ್ತಿ ದೊಡ್ಡ ಕನ್ನಡಿಯೊಂದನ್ನು ಹೊರಗೆ ಬಿಸಿಲಿಗೆ ಇಟ್ಟರು, ಇನ್ನೊಂದನ್ನು ಒಳಗೆ ಮೇಲಿನ ಅಟ್ಟಣೆಯಲ್ಲಿ ನಿಲ್ಲಿಸಿದರು. ಹೊರಗಿನದು ಬಿಸಿಲನ್ನು ಒಳಗೆ ಎಸೆಯಿತು, ಒಳಗಿನದು ಅದನ್ನು ಕೆಳಕ್ಕೆ ತಿರುಗಿಸಿತು. ಶುಭ್ರ ಗಾಳಿಯಲ್ಲಿ ಬೆಳಕು ಕಣ್ಣಿಗೆ ಕಾಣದು, ಆದ್ದರಿಂದ ಸ್ವಲ್ಪ ಹೊಗೆ ಹಾಕಿದರು. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸಬೇಕಲ್ಲ, ಅದು ಬೇರೆ ಕೆಲಸ. ಫರಸಿ ಕಲ್ಲಿನ ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಇಳಿದು, ಅದರಲ್ಲಿ ಧೂಳು ಕುಣಿಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇದಕ್ಕೆ ಕನ್ನಡದಲ್ಲಿ ಬಿಸಿಲುಕೋಲು ಎಂಬ ಸೊಗಸಾದ ಮಾತಿದೆ. ಲೇಖಕಿ ಉಮಾ ರಾವ್ ಅವರು ಮೂರ್ತಿಯವರ ಬದುಕಿನ ಬಗ್ಗೆ ಬರೆದ ಪುಸ್ತಕಕ್ಕೂ ಅದೇ ಹೆಸರು.

ಚಿತ್ರ ಮಾತ್ರ ಸೋತಿತು. ಸೋತ ಪರಿ ಎಂಥದ್ದೆಂದರೆ, ಗುರುದತ್ ಮುಂದೆ ಯಾವ ಚಿತ್ರಕ್ಕೂ ನಿರ್ದೇಶಕನೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಅದೇ ಚಿತ್ರದ ಛಾಯಾಗ್ರಹಣಕ್ಕೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಗೆಳೆಯ ನೆಲ ಹಿಡಿದಾಗ ತನಗೆ ಬಂದ ಪ್ರಶಸ್ತಿಯನ್ನು ಮನುಷ್ಯ ಯಾವ ಮುಖದಿಂದ ಎತ್ತಿಕೊಳ್ಳಬೇಕು? 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ಗೆ ಎರಡನೆಯ ಫಿಲ್ಮ್‌ಫೇರ್ ಬಂತು. ಅದರ ಮುಜರಾ ಹಾಡನ್ನು ಮತ್ತೊಮ್ಮೆ ನೋಡಿ: ಮುಖ್ಯ ನರ್ತಕಿಯ ಮೇಲೆ ಮಾತ್ರ ಬೆಳಕು, ಸುತ್ತ ಕುಣಿಯುವವರೆಲ್ಲ ಬರೀ ನೆರಳು. 1964ರ ಅಕ್ಟೋಬರ್ 10ರಂದು ಗುರುದತ್ ತೀರಿಕೊಂಡರು. ಅವರಿಗಿನ್ನೂ 39 ವರ್ಷ.

ಮೂರ್ತಿಯವರಿಗೆ ಆಗ ನಲವತ್ತು. ಮುಂದೆ ಪ್ರಮೋದ್ ಚಕ್ರವರ್ತಿಯವರ ‘ಜಿದ್ದಿ’, ‘ಲವ್ ಇನ್ ಟೋಕಿಯೋ’, ‘ಜುಗ್ನು’ ಮುಂತಾದ ಬಣ್ಣದ ಚಿತ್ರಗಳು. ಗೆದ್ದ ಚಿತ್ರಗಳೇ, ಸಂಸಾರ ನಡೆದಿರಬೇಕು. ಹಳೆಯ ಕತ್ತಲು ಬೆಳಕಿನ ಆಟ ಅವುಗಳಲ್ಲಿ ಇಲ್ಲ ಎಂದು ನನ್ನ ಅಭಿಪ್ರಾಯ. ಬೇರೆಯವರು ಒಪ್ಪದಿರಬಹುದು. ಈ ಕಾಲದಲ್ಲಿ ಅವರು ಶಿಷ್ಯರನ್ನು ತಯಾರು ಮಾಡಿದರು. ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನಲ್ಲಿ ಕಲಿತು ಬಂದ ಗೋವಿಂದ ನಿಹಲಾನಿ ವರ್ಷಗಟ್ಟಲೆ ಅವರ ಸಹಾಯಕರಾಗಿದ್ದರು. ನಿಹಲಾನಿ ನಿರ್ದೇಶಕರಾಗಿ ದೇಶವಿಭಜನೆಯ ಕಥೆ ‘ತಮಸ್’ ಮಾಡಿದಾಗ, ಅದರ ಛಾಯಾಗ್ರಹಣದಲ್ಲಿ ಗುರು ಮೂರ್ತಿಯವರೂ ಇದ್ದರು. ಶ್ಯಾಮ್ ಬೆನಗಲ್ ಅವರ 53 ಕಂತುಗಳ ‘ಭಾರತ್ ಏಕ್ ಖೋಜ್’ಗೂ ಅವರದೇ ಕ್ಯಾಮೆರಾ. 1988ರಲ್ಲಿ ದೂರದರ್ಶನದ ಮುಂದೆ ಕೂತವರೆಲ್ಲ ಹೆಸರು ತಿಳಿಯದೆಯೇ ಅವರ ಕೆಲಸ ನೋಡಿದ್ದೇವೆ.

ಇಷ್ಟೆಲ್ಲ ಮಾಡಿದವರು ಕನ್ನಡಕ್ಕೇನು ಮಾಡಿದರು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಗಡಿಯ ಕನ್ನಡಿಗರಾದ ನಮಗೂ ಕೇಳುತ್ತಾರೆ. ಕಚೇರಿಯಲ್ಲಿ ತೆಲುಗಿನಲ್ಲಿ ಅರ್ಜಿ ಬರೆದು, ಮಕ್ಕಳನ್ನು ತೆಲುಗು ಇಲ್ಲವೇ ಇಂಗ್ಲಿಷ್ ಶಾಲೆಗೆ ಕಳಿಸಿ, ನೀವೆಂಥ ಕನ್ನಡಿಗರು ಎಂದು ಆ ಕಡೆಯ ನೆಂಟರು ನಗುತ್ತಾರೆ. ಅನ್ನ ಸಿಗುವ ಭಾಷೆಯಲ್ಲಿ ದುಡಿದ ಮಾತ್ರಕ್ಕೆ ಮನೆಮಾತು ಬಿಟ್ಟಂತಾಗುವುದಿಲ್ಲ ಎಂದೇ ನಾನು ತಿಳಿದಿದ್ದೇನೆ. ಎಪ್ಪತ್ತರ ಹತ್ತಿರ ಬಂದಾಗ ಮೂರ್ತಿಯವರು ಒಂದು ಕನ್ನಡ ಚಿತ್ರಕ್ಕೆ ಕ್ಯಾಮೆರಾ ಹಿಡಿದರು: 1993ರ ‘ಹೂವು ಹಣ್ಣು’. ರಾಜೇಂದ್ರ ಸಿಂಗ್ ಬಾಬು ನಿರ್ದೇಶನ, ತ್ರಿವೇಣಿಯವರ ಕಾದಂಬರಿ, ನಟಿ ಲಕ್ಷ್ಮಿ.

ಕೊನೆಗಾಲಕ್ಕೆ ಬೆಂಗಳೂರಿಗೆ ಮರಳಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು 2010ರಲ್ಲಿ ಅವರಿಗೆ ನೀಡಲಾಯಿತು. ಆಗ ಅವರ ವಯಸ್ಸು 86. ಈ ಪ್ರಶಸ್ತಿ ಛಾಯಾಗ್ರಾಹಕರೊಬ್ಬರಿಗೆ ಬಂದದ್ದು ಅದೇ ಮೊದಲು. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ನಿಧನರಾದರು.

ಈ ತಿಂಗಳ ಕೊನೆಯ ಭಾನುವಾರ ಸಂಜೆ 5 ಗಂಟೆಗೆ ಸಂಘದ ಮಾಸಿಕ ಸಭೆಯ ನಂತರ ‘ಹೂವು ಹಣ್ಣು’ ಚಿತ್ರವನ್ನು ಪರದೆಯ ಮೇಲೆ ತೋರಿಸಲಾಗುವುದು. ಮಕ್ಕಳನ್ನು ಕರೆತನ್ನಿ. ನಾರಾಯಣಖೇಡ ಕಡೆಯಿಂದ ಬರುವವರು ರಾತ್ರಿ ಹಿಂತಿರುಗುವ ಬಸ್ಸಿನ ಸಮಯ ಮೊದಲೇ ವಿಚಾರಿಸಿಕೊಂಡು ಬನ್ನಿ, ಚಿತ್ರ ಮುಗಿಯುವುದು ತಡವಾಗುತ್ತದೆ.

— ಕಾರ್ಯದರ್ಶಿ