ಪತ್ರಕರ್ತ ಡಿ. ವಿ. ಜಿ.

1908ರಲ್ಲಿ ಮೈಸೂರು ಸಂಸ್ಥಾನವು ಪತ್ರಿಕಾ ನಿರ್ಬಂಧದ ಕಾನೂನನ್ನು ಜಾರಿಗೆ ತಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡುವಂತಿರಲಿಲ್ಲ. ಇದನ್ನು ಪ್ರತಿಭಟಿಸಿ, ತಾತಯ್ಯನೆಂದೇ ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಅಂತಹ ಕಾಲದಲ್ಲಿ ಲೇಖನಿ ಹಿಡಿದವರು ಡಿ. ವಿ. ಗುಂಡಪ್ಪನವರು. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೂ 1913ರಲ್ಲಿ ಬೆಂಗಳೂರಿನಲ್ಲಿ 'ಕರ್ಣಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿ, ಆಡಳಿತದ ಗುಣದೋಷಗಳೆರಡನ್ನೂ ತೂಗಿ ಬರೆದರು. 1928ರಲ್ಲಿ ಬಾಗಲಕೋಟೆಯ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1947ರಲ್ಲಿ ಸಂಸ್ಥಾನಕ್ಕೆ ಜವಾಬ್ದಾರಿ ಸರ್ಕಾರ ದೊರೆಯಿತು. ಪ್ರಜೆಯು ವಿಚಾರವಂತನಾಗದೆ ಅದು ನಿಲ್ಲದೆಂದು ಬಲ್ಲ ಅವರು, 1945ರಲ್ಲಿಯೇ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದರು. 1970ರಲ್ಲಿ ಅಭಿಮಾನಿಗಳು ಅರ್ಪಿಸಿದ ಲಕ್ಷ ರೂಪಾಯಿಯನ್ನು ಬಸವನಗುಡಿಯ ಆ ಸಂಸ್ಥೆಗೇ ಒಪ್ಪಿಸಿದರು.

1975ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ದೇಶದಲ್ಲಿ ತುರ್ತು ಪರಿಸ್ಥಿತಿಯಿತ್ತು. ಪತ್ರಿಕೆಗಳಿಗೆ ಮತ್ತೆ ಕಡಿವಾಣ ಬಿದ್ದಿತ್ತು. ಒಮ್ಮೆ ಗಳಿಸಿದ ಸ್ವಾತಂತ್ರ್ಯವನ್ನು ಪ್ರತಿಯೊಂದು ತಲೆಮಾರೂ ಕಾಯಬೇಕಾಗುತ್ತದೆ.