ಆಕಾಶವಾಣಿಯ ಗೋಪಾಲಸ್ವಾಮಿಯವರು

ಗುಂಡಿಯನ್ನು ತಿರುಗಿಸಿದೊಡನೆ ಹಾಡು ಕೇಳಿಸುವ ರೇಡಿಯೋ ನೋಡಲು ಬಲು ಸರಳ. ಆ ಸರಳತೆಯ ಹಿಂದಿರುವ ದುಡಿಮೆಯನ್ನು ಕನ್ನಡನಾಡಿನಲ್ಲಿ ಮೊದಲು ಕೈಗೊಂಡವರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಪ್ರಮುಖರು.

ಲಂಡನ್ನಿನಲ್ಲಿ ಮನಃಶಾಸ್ತ್ರವನ್ನು ಅಭ್ಯಸಿಸಿದ ಅವರು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಮನಃಶಾಸ್ತ್ರ ವಿಭಾಗದ ಹೊಣೆ ಹೊತ್ತರು. ಪಾಠ ಪ್ರವಚನಗಳಿಂದಷ್ಟೇ ತೃಪ್ತರಾಗದೆ, 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಪುಟ್ಟ ಪ್ರೇಷಕಯಂತ್ರವೊಂದರಿಂದ ಬಾನುಲಿ ಕೇಂದ್ರವನ್ನು ತೆರೆದರು. ಅದರ ಹೆಸರೇ ‘ಆಕಾಶವಾಣಿ’.

ಕೇಳುಗರ ಪೆಟ್ಟಿಗೆಯ ಮೇಲೆ ಕಾಣುತ್ತಿದ್ದುದು ಕೆಲವೇ ಗುಂಡಿಗಳು. ಒಳಗಿನ ವಾಲ್ವು, ಸುರುಳಿ, ತಂತಿಗಳನ್ನು ಬಲ್ಲ ಕೈಗಳಿಲ್ಲದಿದ್ದರೆ ಹೊರಗಿನ ಅಂದವೆಲ್ಲ ಮೂಕವೇ ಸರಿ. ಅವರು ಸ್ವಂತ ಹಣವನ್ನೂ ವ್ಯಯಿಸಿ ಕೇಂದ್ರವನ್ನು ಆರು ವರ್ಷಗಳ ಕಾಲ ನಡೆಸಿದರು. 1942ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಸೇರಿತು. ಮುಂದೆ ಆ ಹೆಸರು ಭಾರತದ ಬಾನುಲಿಗೆಲ್ಲ ಸಂದಿತು.

ಇಂದು ಹೆಬ್ಬಗೋಡಿಯ ನೆರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಬೆಳೆದು ನಿಂತಿದೆ. ಅಲ್ಲಿಗೆ ಬಂದುಹೋಗುವವರ ಕೈಯಲ್ಲಿರುವ ಮೊಬೈಲುಗಳು ಗಾಜಿನಂತೆ ನುಣುಪು. ಅವುಗಳ ಮೇಲೆ ಗುಂಡಿಗಳು ವಿರಳ, ಬಿಚ್ಚಿ ನೋಡುವುದೂ ಕಷ್ಟ. ಸರಳ ರೂಪ ಬಳಸುವವರಿಗೆ ಹಿತವೇ ಸರಿ. ಆದರೆ ಒಳಗನ್ನು ಅರಿತವರಿದ್ದಾಗಲೇ ಉಪಕರಣವು ಬಾಳುತ್ತದೆ, ಹೊಸತೂ ಹುಟ್ಟುತ್ತದೆ. ಮನಸ್ಸಿನ ಶಾಸ್ತ್ರವನ್ನು ಬೋಧಿಸುತ್ತಲೇ ಯಂತ್ರದ ಕೆಲಸಕ್ಕೂ ಮುಂದಾದ ಗೋಪಾಲಸ್ವಾಮಿಯವರ ಬಾಳು ಸಾರುವುದು ಇದನ್ನೇ.